ಶೆಡ್ಡಿನ ಹಿಂದೆ ಅರವತ್ತು ಹೆಜ್ಜೆ

ಹೊಳಪಣ್ಣನ ಮೂಗಿನೊಳಗೆ ಒಂದು ತೂತಿತ್ತು. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ, ಕಡಲೆಕಾಳು ಹಿಡಿಸುವಷ್ಟು. ಕಂದೀಲು ಕಾರ್ಖಾನೆಯಲ್ಲಿ ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಕ್ರೋಮಿನ ತೊಟ್ಟಿಗಳ ಮೇಲೆ ಬಗ್ಗಿ ದುಡಿದದ್ದಕ್ಕೆ ಸಿಕ್ಕ ಬಳುವಳಿ ಅದು. ಆ ಶೆಡ್ಡಿನವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಇತ್ತು. ವಯಸ್ಸಿನ ಕಾಲದಲ್ಲಿ ಅವರು ಒಂದು ಹೊಳ್ಳೆಯಿಂದ ದಾರ ತೂರಿಸಿ ಇನ್ನೊಂದರಿಂದ ಎಳೆದು, ಹೊಸದಾಗಿ ಕೆಲಸಕ್ಕೆ ಬಂದವರ ಎದೆ ಝಲ್ಲೆನಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೂ ವಾಸನೆ ತಿಳಿಯುವುದೇ ನಿಂತುಹೋಯಿತು. ಮನೆಯಲ್ಲಿ ಹಾಲು ತಳ ಹಿಡಿದು ಹೊಗೆಯೆದ್ದರೂ ಹೊಳಪಣ್ಣ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದ. "ಈ ಮನುಷ್ಯನ ಮುಖಕ್ಕೆ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ" ಎಂದು ಅವನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಹೊಳಪಣ್ಣ ಎಂಬ ಹೆಸರು ಬಿದ್ದದ್ದೂ ಆ ಶೆಡ್ಡಿನಲ್ಲೇ. ಅವನ ಕೈ ದಾಟಿ ಹೊರಬಂದ ಕಂದೀಲಿನ ತಲೆಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು.

ಕಾರ್ಖಾನೆ ಬೀಗ ಹಾಕಿಸಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ನಗರದ ನಟ್ಟನಡುವೆ ಹನ್ನೆರಡು ಎಕರೆ, ನೂರು ವರ್ಷ ದಾಟಿದ ಕೆಂಪು ಇಟ್ಟಿಗೆಯ ಕಟ್ಟಡಗಳು, ಎತ್ತರದ ಒಂದು ಹೊಗೆಕೊಳವೆ. ಕೆಡವಿ ಅಂಗಡಿ ಸಾಲು ಕಟ್ಟಬೇಕೆಂದು ಒಂದು ಗುಂಪು, ಒಂದು ಇಟ್ಟಿಗೆಯನ್ನೂ ಅಲುಗಿಸಬಾರದೆಂದು ಇನ್ನೊಂದು ಗುಂಪು ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದರು. ಹಳೆಯ ಗೋಡೆಗಳು ಹಾಗೇ ಉಳಿಯಬೇಕು. ಒಳಗೆಲ್ಲ ಆಸ್ಪತ್ರೆ, ನರ್ಸಿಂಗ್ ಶಾಲೆ, ವಯಸ್ಸಾದವರಿಗೆ ಮನೆಗಳು, ಔಷಧಿ ಅಂಗಡಿ, ವ್ಯಾಯಾಮಶಾಲೆ, ಊಟದ ಹೋಟೆಲು. ಇಡೀ ಜಾಗಕ್ಕೆ ಆರೋಗ್ಯ ಬಡಾವಣೆ ಎಂದು ಹೆಸರಿಟ್ಟಿದ್ದರು.

ಈ ಸುದ್ದಿಯಿಂದ ಯಾರಿಗಾದರೂ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿಯಾಗಿದ್ದರೆ ಅದು ಹೊಳಪಣ್ಣನ ಮಗಳಿಗೆ. ಅವಳು ಹಳೆಯ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೆಡ್ ನರ್ಸ್. ಅಪ್ಪನ ಹಾಗೇ ಎತ್ತರದ ಆಳು, ಅಪ್ಪನ ಹಾಗೇ ಹಿಡಿದ ಕೆಲಸ ಬಿಡದವಳು. ಅವಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳು, ಜ್ವರದ ಕಾಲದಲ್ಲಿ ಮೂರು. ತಾಯಂದಿರು ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಹೊಸ ಬಡಾವಣೆಯ ಮಕ್ಕಳ ಆಸ್ಪತ್ರೆಯ ಪ್ರತಿ ಸಭೆಗೂ ಅವಳು ನಾಲ್ಕು ವರ್ಷ ತಪ್ಪದೆ ಹೋಗಿದ್ದಳು. ಕೈತೊಳೆಯುವ ಬೇಸಿನ್ ಎಷ್ಟು ಎತ್ತರದಲ್ಲಿರಬೇಕು, ಕಿಟಕಿಯ ಅಡಿಪಟ್ಟಿ ಎಷ್ಟು ತಗ್ಗಿದ್ದರೆ ಮಲಗಿದ ಮಗುವಿಗೆ ಹೊರಗಿನದು ಕಾಣುತ್ತದೆ, ಎಲ್ಲವೂ ಅವಳ ಮಾತಿನಂತೆ ನಕ್ಷೆಗೆ ಇಳಿದಿತ್ತು.

ಅಡಿಪಾಯ ಅಗೆಯುವ ಮುಂಚೆ, ಹಳೆಯ ಕೆಲಸಗಾರರನ್ನೆಲ್ಲ ಒಂದು ಬೆಳಿಗ್ಗೆ ಕರೆಸಿದರು. ಬಂದವರು ಮೂವತ್ತೊಂದು ಜನ. ಯಾರ್ಯಾರು ಎಲ್ಲೆಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ಕೇಳಿ ಬರೆದುಕೊಂಡು, ಹಾರ ಹಾಕಿ, ಕಾಫಿ ಕೊಟ್ಟರು. ಆಮೇಲೆ ಕಟ್ಟಡದ ನಕ್ಷೆ ಮಾಡಿದ ಯುವಕ ಮೇಜಿನ ಮೇಲಿದ್ದ ಬೊಂಬೆಯಂಥ ಮಾದರಿಯನ್ನು ಒಂದೊಂದಾಗಿ ತೋರಿಸುತ್ತ ಬಂದ.

"ಇದು ನಿಮ್ಮ ಪ್ಲೇಟಿಂಗ್ ಶೆಡ್ಡು. ಇದರ ಹಿಂದೆ ಖಾಲಿ ಇತ್ತಲ್ಲ, ಅಲ್ಲೇ ಮಕ್ಕಳ ಆಸ್ಪತ್ರೆ. ಮತ್ತೆ ಇದು ಮಕ್ಕಳು ಆಡೋ ಅಂಗಳ. ಇಲ್ಲಿ ಸಿಮೆಂಟೂ ಇಲ್ಲ, ಕಲ್ಲುಚಪ್ಪಡಿನೂ ಇಲ್ಲ. ಬರೀ ಮಣ್ಣು. ಪೇಟೆ ಮಕ್ಕಳು ಮಣ್ಣು ಮುಟ್ಟಿ ಎಷ್ಟು ದಿನ ಆಗಿದೆಯೋ, ಅಲ್ವಾ?"

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಹೊಳಪಣ್ಣ ಮಾತ್ರ ತಲೆಯೆತ್ತಿ ಮೇಜಿನ ಆಚೆ ಬದಿ ನಿಂತಿದ್ದ ಮೇಸ್ತ್ರಿಯನ್ನು ನೋಡಿದ. ಪ್ಲೇಟಿಂಗ್ ಶೆಡ್ಡಿಗೆ ಮೇಸ್ತ್ರಿಯಾಗಿದ್ದವರು, ಈಗ ಎಂಬತ್ತರ ಹತ್ತಿರ. ಮೇಸ್ತ್ರಿ ಅವನ ಕಣ್ಣು ತಪ್ಪಿಸಿ ಕಾಫಿ ಲೋಟದೊಳಗೆ ನೋಡತೊಡಗಿದರು.

ಗೇಟಿನ ಹೊರಗೆ ಹೊಳಪಣ್ಣ ಅವರನ್ನು ಹಿಡಿದು ನಿಲ್ಲಿಸಿದ.

"ಮೇಸ್ತ್ರಿ, ಅದು ಗುಂಡಿ ಇದ್ದ ಜಾಗ."

"ಯಾವ ಗುಂಡಿ?"

"ಯಾವ ಗುಂಡಿ ಅಂತ ನನ್ನ ಕೇಳ್ತೀರಾ? ಒಂಬತ್ತು ವರ್ಷ ವಾರಕ್ಕೊಂದು ಸಲ ಗಾಡಿ ತಳ್ಳಿದ್ದು ನಾನು. ಮುಂದೆ ಹಿಡಿದು ಎಳೀತಿದ್ದೋರು ನೀವು."

ಮೇಸ್ತ್ರಿ ಆಚೀಚೆ ನೋಡಿ ದನಿ ತಗ್ಗಿಸಿದರು. "ನೋಡು, ಆ ಜಾಗದ ಮಣ್ಣೆಲ್ಲ ಪರೀಕ್ಷೆ ಆಗಿದೆ. ಮಷೀನು ತಂದು ಕೊರೆದಿದ್ದಾರೆ. ಏನೂ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ಓದಿದೋರಿಗಿಂತ ನಿನಗೆ ಜಾಸ್ತಿ ಗೊತ್ತಾ? ಮೂಗಲ್ಲಿ ತೂತಿರೋನು ಎಲ್ಲ ಕಡೆ ಮೂಗು ತೂರಿಸಬಾರದು ಕಣೋ."

ಹೊಳಪಣ್ಣ ನಗಲಿಲ್ಲ. ಮೇಸ್ತ್ರಿಗೂ ತಮ್ಮ ತಮಾಷೆ ರುಚಿಸಲಿಲ್ಲವೆಂದು ಕಾಣುತ್ತದೆ. "ನಲವತ್ತು ವರ್ಷದ ಹಿಂದಿನ ಮಾತು. ಯಜಮಾನರು ಹೇಳಿದರು, ನಾವು ಮಾಡಿದೆವು. ಅವರು ಸತ್ತರು. ಈಗ ಬಾಯಿಬಿಟ್ಟರೆ ಕೈಗೆ ಸಿಗೋರು ನಾವಿಬ್ಬರೇ" ಎಂದು ಹೇಳಿ, ಬಂದ ಬಸ್ಸನ್ನು ನೋಡದೆಯೇ ಹತ್ತಿಬಿಟ್ಟರು. ಅದು ಅವರ ಮನೆಯ ಕಡೆ ಹೋಗುವ ಬಸ್ಸಾಗಿರಲಿಲ್ಲ.

ಗುಂಡಿಯ ಸಂಗತಿ ಇಷ್ಟೇ. ತಿಂಗಳುಗಟ್ಟಲೆ ಬಳಸಿದ ತೊಟ್ಟಿಗಳ ತಳದಲ್ಲಿ ಹಳದಿ ಗಸಿ ಕೂರುತ್ತಿತ್ತು. ಚರ್ಮಕ್ಕೆ ತಾಗಿದರೆ ಹುಣ್ಣು. ವಾಸಿಯಾಗಲು ತಿಂಗಳು ಹಿಡಿಯುವ ಹುಣ್ಣು. ಅದನ್ನು ಪೀಪಾಯಿಗೆ ತುಂಬಿ, ಕೈಗಾಡಿಯಲ್ಲಿ ಹಿತ್ತಿಲಿಗೆ ಒಯ್ದು, ಆಳದ ಒಂದು ಗುಂಡಿಗೆ ಸುರಿದು, ತೂತುಬಿದ್ದ ಪೀಪಾಯಿಗಳನ್ನೂ ಅಲ್ಲೇ ಎಸೆದು, ಮೇಲೆ ಬಾಯ್ಲರಿನ ಬೂದಿ ಮುಚ್ಚುತ್ತಿದ್ದರು. ಒಂಬತ್ತು ವರ್ಷವಾದ ಮೇಲೆ ಗುಂಡಿ ತುಂಬಿತು. ಆಮೇಲೆ ಟ್ಯಾಂಕರ್ ಬರತೊಡಗಿತು. ಅದು ಎಲ್ಲಿಗೆ ಒಯ್ಯುತ್ತಿತ್ತೋ ಹೊಳಪಣ್ಣನಿಗೆ ಗೊತ್ತಿರಲಿಲ್ಲ. ಗುಂಡಿಯ ಬಗ್ಗೆ ಎಲ್ಲೂ ಬರೆದಿಟ್ಟಿರಲಿಲ್ಲ.

ನಾಲ್ಕು ದಿನ ಅವನು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡಿದ. ಐದನೆಯ ದಿನ ಊಟಕ್ಕೆ ಕುಳಿತಾಗ ಹೆಂಡತಿ ಸೌಟು ಕೆಳಗಿಟ್ಟಳು.

"ರೀ, ಅದೇನು ನುಂಗಿಕೊಂಡಿದ್ದೀರೋ ಉಗುಳಿಬಿಡಿ. ನಾಲ್ಕು ದಿನದಿಂದ ನಿಮ್ಮ ಮುಖ ನೋಡಿ ನೋಡಿ ನನಗೇ ಅಜೀರ್ಣ ಆಗ್ತಿದೆ."

ಮಗಳೂ ಎದುರಿಗಿದ್ದಳು. ಅವನು ಹೇಳಿದ. ತಡವರಿಸದೆ, ಗಾಡಿ ತಳ್ಳಿದ್ದು ತಾನು ಎಂಬುದನ್ನೂ ಸೇರಿಸಿ ಹೇಳಿದ.

ಮಗಳು ತಟ್ಟೆಯಿಂದ ಕೈ ತೆಗೆದಳು. ಆಮೇಲೆ ಕೇಳಿದಳು: "ನಾಲ್ಕು ವರ್ಷದಿಂದ ಈ ಮೇಜಿನ ಮೇಲೆ ನಕ್ಷೆ ಹರಡಿ ಕೂತಿದ್ದೀನಿ. ಒಂದು ದಿನಾನಾದ್ರೂ ನಿನಗೆ ಹೇಳಬೇಕು ಅನ್ನಿಸಲಿಲ್ವಾ ಅಪ್ಪ?"

"ನಿನ್ನ ನಕ್ಷೆ ನನಗೆ ಅರ್ಥ ಆಗ್ತಿರಲಿಲ್ಲಮ್ಮ. ಬರೀ ಗೆರೆ. ಅಲ್ಲಿ ಹೋಗಿ ನಿಂತು, ಬೊಂಬೆ ಮನೆ ತರ ಮಾಡಿಟ್ಟಿದ್ದು ನೋಡಿದ ಮೇಲೇ ತಿಳಿದಿದ್ದು."

ಅದು ನಿಜವಾಗಿತ್ತು. ಆದರೆ ಪೂರ್ತಿ ನಿಜವೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಕಾರ್ಖಾನೆಯ ಜಾಗದಲ್ಲಿ ಆಸ್ಪತ್ರೆ ಎಂದು ಮೊದಲ ಸಲ ಕೇಳಿದ ದಿನವೇ ಮನಸ್ಸು ಒಮ್ಮೆ ಹಿತ್ತಿಲಿನ ಕಡೆ ಹೋಗಿ ಬಂದಿತ್ತು. ಅಲ್ಲಿ ನಿಲ್ಲದೆ ಬೇಗನೆ ಹಿಂದಿರುಗಿತ್ತು.

"ಈಗ ಹೇಳಿದರೆ ಕೆಲಸ ನಿಲ್ಲುತ್ತೆ," ಎಂದಳು ಮಗಳು. "ಒಂದು ವರ್ಷವೋ ಎರಡು ವರ್ಷವೋ. ಅಷ್ಟು ದಿನ ನನ್ನ ವಾರ್ಡಿನ ಮಕ್ಕಳು ಒಬ್ಬರ ಕೆಮ್ಮು ಒಬ್ಬರಿಗೆ ಹಚ್ಚಿಕೊಂಡು ಮಲಗಬೇಕು." ಕೈ ತೊಳೆದು ಎದ್ದು ಹೋದಳು. ಮರುದಿನ ಬೆಳಿಗ್ಗೆ ಯೂನಿಫಾರ್ಮ್ ತೊಟ್ಟು ಬಾಗಿಲಲ್ಲಿ ನಿಂತು, ಅಪ್ಪನ ಕಡೆ ತಿರುಗದೆಯೇ ಅಂದಳು, "ಹೋಗಿ ಹೇಳು. ನನ್ನನ್ನ ಮಾತ್ರ ಜೊತೆಗೆ ಕರೀಬೇಡ."

ಮಣ್ಣಿನ ಪರೀಕ್ಷೆ ನೋಡಿಕೊಳ್ಳುತ್ತಿದ್ದವರು ಒಬ್ಬ ಎಂಜಿನಿಯರ್ ಹೆಂಗಸು. ಕೆಲಸಗಾರರ ಹಾಜರಿ ಹಾಕುತ್ತಿದ್ದ ಹಳೆಯ ಟೈಮ್‌ಕೀಪರ್ ಕೋಣೆಯೇ ಅವರ ಆಫೀಸು. ಹೊಳಪಣ್ಣನನ್ನು ಅವರು "ಸರ್" ಎಂದು ಕರೆದದ್ದು ಕೇಳಿ, ಅವನು ಹಿಂದೆ ಇನ್ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದ. ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡು ಅವರು ಒಂದು ನಕ್ಷೆ ಹರಡಿದರು. ಅದರಲ್ಲಿ ಮೂವತ್ತು ಮೂವತ್ತು ಮೀಟರಿಗೆ ಒಂದರಂತೆ ಕೆಂಪು ಚುಕ್ಕೆಗಳಿದ್ದವು.

"ನಾವು ಕೊರೆದಿರೋದು ಈ ಚುಕ್ಕೆಗಳಲ್ಲಿ ಮಾತ್ರ ಸರ್. ಎರಡು ಚುಕ್ಕೆ ನಡುವೆ ಒಂದು ಗುಂಡಿ ಅಡಗಿ ಕೂತಿದ್ದರೆ ನಮಗೆ ಗೊತ್ತಾಗಲ್ಲ. ಜಾಗ ತೋರಿಸ್ತೀರಾ?"

"ನನ್ನ ಮೇಲೆ ಕೇಸು ಹಾಕ್ತೀರಾ ಮೇಡಂ?"

"ಯಾರು ಹಾಕಿದ್ದು ಅಂತ ನಾನು ಕೇಳ್ತಿಲ್ಲ. ಎಲ್ಲಿದೆ ಅಂತ ಕೇಳ್ತಿದ್ದೀನಿ."

ಹೊಳಪಣ್ಣನಿಗೆ ಗುರುತಿದ್ದದ್ದು ಒಂದೇ. ಶೆಡ್ಡಿನ ಹಿಂಬಾಗಿಲಿನ ಹೊಸ್ತಿಲಿಂದ ಹೊಗೆಕೊಳವೆಯನ್ನು ಬಲಗೈಗೆ ಬಿಟ್ಟುಕೊಂಡು ನೇರ ಅರವತ್ತು ಹೆಜ್ಜೆ. ಗಾಡಿ ಭಾರವಾಗಿರುತ್ತಿತ್ತು, ಎಣಿಸಿಕೊಂಡು ತಳ್ಳಿದರೆ ದಣಿವು ಕಡಿಮೆ ಅನ್ನಿಸುತ್ತಿತ್ತು. ಒಂಬತ್ತು ವರ್ಷ ಎಣಿಸಿದ ಲೆಕ್ಕ ಮರೆಯುವಂಥದಲ್ಲ. ಅವನು ಹೊಸ್ತಿಲಿಗೆ ಹಿಮ್ಮಡಿ ಒತ್ತಿ ನಿಂತು, ಅರವತ್ತು ಎಣಿಸಿ, ಚಪ್ಪಲಿಯಿಂದ ನೆಲ ಗೀಚಿದ.

ಮರುದಿನ ಕೊರೆಯುವ ಯಂತ್ರ ಬಂತು. ಹತ್ತಡಿ, ಹದಿನೈದಡಿ, ಇಪ್ಪತ್ತಡಿ. ಬಂದದ್ದೆಲ್ಲ ಅಚ್ಚ ಕಂದು ಮಣ್ಣು. ಎಡಕ್ಕೊಂದು, ಬಲಕ್ಕೊಂದು ತೂತು ಕೊರೆದರು. ಅಲ್ಲೂ ಅದೇ. ಕೆಲಸದ ಉಸ್ತುವಾರಿ ನೋಡುತ್ತಿದ್ದ ಮ್ಯಾನೇಜರ್ ಗಡಿಯಾರ ನೋಡಿಕೊಂಡು, "ತಾತನಿಗೆ ವಯಸ್ಸಾಯ್ತು ಬಿಡಿ ಮೇಡಂ" ಎಂದ. ಹೊಳಪಣ್ಣನ ಕಿವಿಗೆ ಬೀಳಲಿ ಎಂದೇ ಅಂದದ್ದು. ಎಂಜಿನಿಯರ್ ಕೂಡ ಕೈಗವಸು ಬಿಚ್ಚಿದರು.

ಮನೆಗೆ ಬರುವಾಗ ಹೊಳಪಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಾನು ಕಂಡದ್ದು ಕನಸೇ? ಒಂಬತ್ತು ವರ್ಷದ ಕನಸು ಯಾರಿಗೆ ಬೀಳುತ್ತದೆ?

"ಸಿಗಲಿಲ್ಲ" ಎಂದ ಮಗಳಿಗೆ.

"ಸಿಗಲಿಲ್ವಾ?" ಅವಳ ಭುಜ ಸಡಿಲಾದದ್ದು ಅವನಿಗೆ ಕಂಡಿತು. ಕಂಡಿತೆಂದು ಅವಳಿಗೂ ತಿಳಿಯಿತು. "ಆಯ್ತು, ನಿನ್ನ ಕೆಲಸ ನೀನು ಮಾಡಿದೆ ಅಪ್ಪ. ಇನ್ನು ಬಿಡು" ಎಂದು ಒಳಗೆ ಹೋದಳು.

ಮೂರು ದಿನವಾದ ಮೇಲೆ ಭಾನುವಾರ. ಮಗಳಿಗೆ ರಜೆ. ಗಂಡನ ಮಂಕು ಹರಿಯಲೆಂದು ಹೆಂಡತಿ ಅವನನ್ನು ಮಾರುಕಟ್ಟೆಗೆ ಎಳೆದುಕೊಂಡು ಹೋಗಿದ್ದಳು. ತಿರುಗಿ ಬಂದವಳು ಚೀಲ ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗಳ ಮುಂದೆ ದೂರಲು ಶುರುಮಾಡಿದಳು.

"ನಿಮ್ಮಪ್ಪನ ಜೊತೆ ಹೋದರೆ ಹೋದ ಹಾಗಲ್ಲ. ಹೆಜ್ಜೆಗೊಂದು ಸಲ ನಿಂತು ಕಾಯಬೇಕು. ಮದುವೆ ಆದ ಹೊಸತರಲ್ಲಿ ಈ ಮನುಷ್ಯ ನಡೆದರೆ ನಾನು ಹಿಂದಿಂದ ಓಡ್ತಿದ್ದೆ ಕಣೇ. ಇವರ ಒಂದು ಹೆಜ್ಜೆಗೆ ನನ್ನದು ಎರಡು. ಈಗ ನೋಡು, ಕೋಳಿ ಕಾಲು ಹಾಕಿದ ಹಾಗೆ..."

ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಮಗಳು ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದಳು. ಹೊಳಪಣ್ಣನಿಗೆ ಅದಿನ್ನೂ ಹೊಳೆದಿರಲಿಲ್ಲ. ಚಪ್ಪಲಿ ಬಿಚ್ಚಲು ಗೋಡೆ ಹಿಡಿದುಕೊಂಡಿದ್ದ. ಮಗಳಿಗೆ ಹೊಳೆದಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಳಪಣ್ಣ ಮುಂದೆ ಆ ಗಳಿಗೆಯನ್ನು ಎಷ್ಟೋ ಸಲ ನೆನೆಸಿಕೊಂಡ. ಮಗಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಸೇರಿಸಿ, ರಾಶಿಯ ಮೇಲಿಟ್ಟು, ಒಮ್ಮೆ ಕೈಯಿಂದ ಒತ್ತಿದಳು.

"ಅಪ್ಪ, ಚಪ್ಪಲಿ ಬಿಚ್ಚಬೇಡ. ನಡಿ."

"ಎಲ್ಲಿಗಮ್ಮ?"

"ಮೂವತ್ತರ ವಯಸ್ಸಿನಲ್ಲಿ ನೀನು ನನ್ನಷ್ಟೇ ಎತ್ತರ ಇದ್ದೆಯಲ್ಲ? ಅಮ್ಮಾ, ಸರಿ ತಾನೇ?"

"ನಿನಗಿಂತ ಅರ್ಧ ಗೇಣು ಜಾಸ್ತಿ" ಎಂದಳು ತಾಯಿ. ಏನು ನಡೆಯುತ್ತಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಮಗಳು ಫೋನ್ ಮಾಡಿದ್ದರಿಂದ ಎಂಜಿನಿಯರ್ ಭಾನುವಾರವೂ ಬಂದರು. ಶೆಡ್ಡಿನ ಹಿಂದೆ ಅಲ್ಲಲ್ಲಿ ಒಣಹುಲ್ಲು. ಮಗಳು ಹೊಸ್ತಿಲಿಗೆ ಬೆನ್ನು ಮಾಡಿ ನಿಂತು ಕೇಳಿದಳು, "ಗಾಡಿ ತಳ್ಳುವಾಗ ಹೇಗೆ ನಡೀತಿದ್ದೆ, ಹೇಳು."

"ಸ್ವಲ್ಪ ಮುಂದಕ್ಕೆ ಬಾಗಿ. ಕಾಲು ಚಾಚಿ. ಭಾರ ಇದ್ದಾಗ ಕಾಲು ಉದ್ದ ಹಾಕಲೇಬೇಕು, ಇಲ್ಲದಿದ್ದರೆ ಗಾಡಿ ಹೊರಡಲ್ಲ."

ಅವಳು ಎರಡು ಕೈ ಮುಂದೆ ಚಾಚಿ, ಇಲ್ಲದ ಗಾಡಿಯ ಹಿಡಿಕೆ ಹಿಡಿದವಳಂತೆ ಬಾಗಿ ನಡೆದಳು. ಹೊಳಪಣ್ಣ ಪಕ್ಕದಲ್ಲಿ ಹಿಂದೆ ಬೀಳುತ್ತ ಗಟ್ಟಿಯಾಗಿ ಎಣಿಸಿದ. ನಲವತ್ತಕ್ಕೆ ಕೊರೆದ ತೂತುಗಳು ದಾಟಿದವು. ಅವಳು ನಿಲ್ಲಲಿಲ್ಲ. ಐವತ್ತಾಯಿತು, ಐವತ್ತೈದಾಯಿತು. ಅರವತ್ತಕ್ಕೆ ನಿಂತಾಗ ಅವಳು ನಿಂತಿದ್ದು ಕಟ್ಟಬೇಕಿದ್ದ ಅಂಗಳದ ಸರಿ ನಡುವೆ. ನಕ್ಷೆಯನ್ನು ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ, ಯಾರೂ ಹೇಳಬೇಕಾಗಲಿಲ್ಲ.

ಸೋಮವಾರ ಅಲ್ಲಿ ಕೊರೆದರು. ಆರಡಿಗೆ ಬೂದಿ ಬಂತು. ಒಂಬತ್ತಡಿಗೆ ಬಂದ ಮಣ್ಣು ಹಳದಿಯಾಗಿತ್ತು. ಇನ್ನೂ ಕೆಳಗಿನದು ಹಸಿರು. ಎಂಜಿನಿಯರ್ ಎಲ್ಲರನ್ನೂ ಹಿಂದೆ ಸರಿಯಲು ಹೇಳಿ, ಹೊಳಪಣ್ಣನ ತೋಳು ಹಿಡಿದು ತಾವೇ ಹಿಂದಕ್ಕೆ ಕರೆದುಕೊಂಡು ಬಂದರು. ಮ್ಯಾನೇಜರ್ ಆ ದಿನ ಗಡಿಯಾರ ನೋಡಿಕೊಳ್ಳಲಿಲ್ಲ.

ಕೆಲಸ ನಿಂತಿತು. ಪೇಪರಿನಲ್ಲಿ ಬಂತು. ಬಡಾವಣೆಯಲ್ಲಿ ಮನೆ ಗೊತ್ತು ಮಾಡಿಕೊಂಡಿದ್ದವರು ಬಂದು ಕೂಗಾಡಿದರು. ಹಳೆಯ ಕೆಲಸಗಾರರಲ್ಲಿ ಕೆಲವರು ಹೊಳಪಣ್ಣನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ತಮ್ಮ ಕಾರ್ಖಾನೆಯ ಮಾನ ಹರಾಜು ಹಾಕಿದನೆಂದು ಅವರ ಸಿಟ್ಟು. ಮಗಳ ವಾರ್ಡಿನಲ್ಲಿ ಇನ್ನೊಂದು ಜ್ವರದ ಕಾಲ ಬಂತು, ಮಂಚಕ್ಕೆ ಮೂರು ಮಕ್ಕಳಾದರು. ಹೊಸ ಆಸ್ಪತ್ರೆ ಯಾವಾಗ ಸಿಸ್ಟರ್ ಎಂದು ತಾಯಂದಿರು ಕೇಳಿದಾಗಲೆಲ್ಲ ಅವಳು ಆಗುತ್ತೆ ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಮನೆಗೆ ಬಂದು ಮಾತಿಲ್ಲದೆ ಉಂಡು ಮಲಗುತ್ತಿದ್ದಳು. ಅವಳ ದಣಿವಿನಲ್ಲಿ ತನ್ನ ಪಾಲೂ ಇದೆ ಎಂಬುದು ಹೊಳಪಣ್ಣನಿಗೆ ಗೊತ್ತಿತ್ತು.

ಒಂದು ದಿನ ಮಾತ್ರ ಅವಳು ಊಟದ ನಡುವೆ ತಾಯಿಯ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಇಪ್ಪತ್ತಾರು ವರ್ಷ ಗಂಡನ ಕೆಲಸದ ಬಟ್ಟೆ ಒಗೆದ ಕೈ. ಬೆರಳ ಸಂದಿಯಲ್ಲಿ ಗುಂಡಗಿನ ಹಳೆಯ ಕಲೆಗಳು. "ಇದು ಸೋಪಿಂದ ಆಗಿದ್ದು ಅಂತ ಹೇಳ್ತಿದ್ದೆಯಲ್ಲಮ್ಮ?" ಎಂದಳು. ತಾಯಿ ಕೈ ಎಳೆದುಕೊಂಡು, "ಮತ್ತೇನು ಹೇಳಲಿ? ಊಟ ಮಾಡು" ಎಂದಳು. ಆ ವಾರವೇ ಮಗಳು ಇಬ್ಬರನ್ನೂ ಕರೆದೊಯ್ದು ಪರೀಕ್ಷೆ ಮಾಡಿಸಿದಳು. ತಾಯಿಗೆ ಕಲೆಯಷ್ಟೇ. ಹೊಳಪಣ್ಣನಿಗೆ ಆರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ತೆಗೆಸಬೇಕು ಎಂದರು ಡಾಕ್ಟರು. ಶೆಡ್ಡಿನಲ್ಲಿ ಜೊತೆಗೆ ದುಡಿದವರು ಬದುಕಿದ್ದರೆ ಕರೆದುಕೊಂಡು ಬನ್ನಿ ಎಂದೂ ಹೇಳಿದರು. ಶೆಡ್ಡಿನ ಹನ್ನೊಂದು ಜನರಲ್ಲಿ ಉಳಿದಿದ್ದವರು ಅವನೂ ಸೇರಿ ನಾಲ್ವರು. ಇಬ್ಬರನ್ನು ಅವನು ಕರೆತಂದ. ಮೂರನೆಯವರು ಮೇಸ್ತ್ರಿ. ಅವರ ಮನೆಗೆ ಹೋದಾಗ ಸೊಸೆ ಬಾಗಿಲಲ್ಲೇ, ಮಾವ ಮಲಗಿದ್ದಾರೆ ಎಂದಳು. ಒಳಗೆ ಅವರು ಕೆಮ್ಮುವುದು ಕೇಳಿಸುತ್ತಿತ್ತು.

ಗುಂಡಿ ತೆರೆಯುವ ದಿನ ಬಂತು. ಸುತ್ತ ತಗಡಿನ ಬೇಲಿ ಕಟ್ಟಿ, ಬಿಳಿಯ ನಿಲುವಂಗಿ, ಮುಖಕ್ಕೆ ಗವಸು, ಮೊಣಕಾಲುದ್ದ ಬೂಟು ತೊಟ್ಟವರು ಒಳಗಿಳಿದರು. ಹೊಳಪಣ್ಣ ಬೇಲಿಯ ಸಂದಿಯಿಂದ ನೋಡುತ್ತ ನಿಂತಿದ್ದ. ಪಕ್ಕದಲ್ಲಿ ಯಾರೋ ಬಂದು ನಿಂತಂತಾಗಿ ತಿರುಗಿದರೆ ಮೇಸ್ತ್ರಿ, ಕೋಲೂರಿಕೊಂಡು. ಒಳಗೆ ಒಂದು ತುಕ್ಕು ಹಿಡಿದ ಪೀಪಾಯಿಯನ್ನು ಹಗುರಾಗಿ, ಮೊಟ್ಟೆ ಎತ್ತುವಂತೆ ಮೇಲೆತ್ತುತ್ತಿದ್ದರು.

"ಬೂಟು ನೋಡು, ಕೈಗವಸು ನೋಡು" ಎಂದರು ಮೇಸ್ತ್ರಿ. "ನಿಮಗೆಲ್ಲ ಒಂದೊಂದು ಜೊತೆ ರಬ್ಬರ್ ಕೈಗವಸು ಕೊಡಿಸಿ ಅಂತ ಮೂರು ಸಲ ಬರೆದುಕೊಟ್ಟಿದ್ದೆ. ಮೂರನೇ ಸಲ ಯಜಮಾನರು ಕರೆದು, ನಿನಗೆ ಮೇಸ್ತ್ರಿ ಕೆಲಸ ಬೇಕೋ ಬೇಡವೋ ಅಂದರು. ಆಮೇಲೆ ಬರೀಲಿಲ್ಲ."

"ನಮಗೆ ಯಾವತ್ತೂ ಹೇಳಲಿಲ್ಲವಲ್ಲ ಮೇಸ್ತ್ರಿ."

"ಏನಂತ ಹೇಳಲಿ? ನಾಲ್ಕನೇ ಸಲ ಬರೀಲಿಲ್ಲ ಅಂತಲಾ?"

ಅವರು ಕೋಲಿನಿಂದ ನೆಲ ಕುಟ್ಟಿದರು. "ಆ ಮಣ್ಣಿನ ಮೇಡಂ ಎಲ್ಲಿದ್ದಾರೆ? ಇನ್ನೊಂದಿದೆ ಕಣೋ. ಚಿಕ್ಕದು. ನೀನು ಸೇರೋಕೆ ಮುಂಚಿನದು. ಮುಂಭಾಗದ ಪ್ಯಾಕಿಂಗ್ ಹಾಲಿನ ಕಡೆ ಅಲ್ಲ, ಹಿಂದಿನ ಗೋಡೆ ಪಕ್ಕ, ಬಾವಿ ಕಡೆ. ಅದು ನನಗೊಬ್ಬನಿಗೇ ಗೊತ್ತು."

ಹೊಳಪಣ್ಣ ಅವರ ತೋಳು ಹಿಡಿದು ಟೈಮ್‌ಕೀಪರ್ ಕೋಣೆಗೆ ಕರೆದೊಯ್ದ. ಇಬ್ಬರದ್ದೂ ಈಗ ಒಂದೇ ಅಳತೆಯ ಸಣ್ಣ ಹೆಜ್ಜೆ. ಬಹಳ ಹೊತ್ತು ಹಿಡಿಯಿತು.

ಎರಡೂ ಗುಂಡಿ ಬರಿದು ಮಾಡಿ ಹೊಸ ಮಣ್ಣು ತುಂಬಿದ ಮೇಲೂ ಅಲ್ಲಿ ಮಕ್ಕಳ ಆಸ್ಪತ್ರೆ ಬೇಡವೆಂದು ತೀರ್ಮಾನಿಸಿದರು. ಮುಂಭಾಗದ ಪ್ಯಾಕಿಂಗ್ ಹಾಲಿನೊಳಗೆ, ಹಳೆಯ ಗೋಡೆಗಳ ನಡುವೆ ಅದನ್ನು ಹೊಂದಿಸಿದರು. ಮಂಚಗಳು ಮೊದಲಿನ ಲೆಕ್ಕಕ್ಕಿಂತ ಹದಿನೆಂಟು ಕಡಿಮೆಯಾದವು. ಕಿಟಕಿಗಳ ಎತ್ತರ ಬದಲಿಸುವಂತಿರಲಿಲ್ಲ. ಅದಕ್ಕೆ ಮಗಳು ಮಂಚಗಳನ್ನೇ ಎತ್ತರಿಸುವ ಹಾಗೆ ಮಾಡಿಸಿದಳು. ಹೇಳಿದ ದಿನಕ್ಕಿಂತ ಹತ್ತೊಂಬತ್ತು ತಿಂಗಳು ತಡವಾಗಿ ವಾರ್ಡು ಅಲ್ಲಿಗೆ ಬಂತು.

ಆ ದಿನ ಬೆಳಗ್ಗೆಯೇ ಹೊಳಪಣ್ಣ ಹೆಂಡತಿಯ ಜೊತೆ ಹೋಗಿ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತ. ಆಂಬ್ಯುಲೆನ್ಸುಗಳು ಒಂದರ ಹಿಂದೊಂದು ಬಂದವು. ಮಗಳು ಪಟ್ಟಿ ಹಿಡಿದು, ಯಾವ ಮಗು ಯಾವ ಮಂಚಕ್ಕೆಂದು ಕೂಗಿ ಹೇಳುತ್ತ ಓಡಾಡುತ್ತಿದ್ದಳು. ನೀನು ಸರಿ ಮಾಡಿದೆ ಅಪ್ಪ ಎಂದು ಅವಳು ಇದುವರೆಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಲಿ ಎಂದು ಹೊಳಪಣ್ಣ ಮೊದಮೊದಲು ಕಾದಿದ್ದ. ಈಚೆಗೆ ಆ ಆಸೆ ಬಿಟ್ಟಿದ್ದ. ಅವಳು ಅಂದು ಇಲ್ಲದ ಗಾಡಿ ತಳ್ಳಿಕೊಂಡು ನಡೆದಿದ್ದಳಲ್ಲ. ಅದರ ಮೇಲೆ ಬಾಯಿಮಾತು ಯಾಕೆ ಬೇಕು?

"ಅಪ್ಪ, ದಾರಿಗೆ ಅಡ್ಡ ಕಾಲು ಚಾಚಿ ಕೂತಿದ್ದೀಯಲ್ಲ. ಏಳು, ಈ ಬಾಗಿಲು ಹಿಡ್ಕೋ. ತಾನಾಗೇ ಮುಚ್ಚಿಕೊಳ್ಳುತ್ತೆ ಹಾಳಾದ್ದು."

ಅವನು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಂದು ಸ್ಟ್ರೆಚರ್ ಬಂತು, ಅದರ ಹಿಂದೆ ಇನ್ನೊಂದು. ಎರಡನೆಯದರಲ್ಲಿದ್ದ ಹುಡುಗಿ ಮಲಗಿದ್ದಲ್ಲಿಂದಲೇ ಎತ್ತರದ ಹಳೆಯ ಚಾವಣಿ ನೋಡುತ್ತ, "ಇಲ್ಲಿ ನಾನೊಬ್ಬಳೇ ಮಲಗೋದಾ?" ಎಂದು ಕೇಳಿದಳು.

"ಒಬ್ಬಳೇ" ಎಂದ ಹೊಳಪಣ್ಣ. "ಪೂರ್ತಿ ಮಂಚ ನಿನಗೇ."

ಹುಡುಗಿ ಅದನ್ನು ನಂಬಲೋ ಬೇಡವೋ ಎಂಬಂತೆ ತಾಯಿಯ ಕಡೆ ನೋಡಿದಳು. ಸ್ಟ್ರೆಚರ್ ಒಳಗೆ ಹೋಯಿತು.